ಬೆನ್ನ ಮೇಲಿನ ಕುಲುಮೆ

ಅಧ್ಯಕ್ಷ ಒಂದೇ ಚೀಲದಲ್ಲಿ ತುರುಕಿ ತಂದಿದ್ದ ಏಳು ಕೋಟುಗಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುರಿದಾಗ ದೊಡ್ಡಕ್ಕನಿಗೆ ಒಳಗೊಳಗೇ ಸಂತೋಷವಾಯಿತು. ತೋಳು ಕತ್ತರಿಸಿದ ಜೀನ್ಸ್ ಕೋಟುಗಳು. ಎದೆಯ ತುಂಬ ಬ್ಯಾಂಡುಗಳ ಗುರುತು ಹೊತ್ತ ಸಣ್ಣ ಸಣ್ಣ ಪ್ಯಾಚುಗಳು, ಬೆನ್ನಿಗೆ ಒಂದೇ ಒಂದು ದೊಡ್ಡದು. ಈ ಮೆಟಲ್ ಸಂಗೀತದ ಅಭಿಮಾನಿಗಳ ಕಟ್ಟಳೆಯೇ ಹಾಗೆ. ಎದೆಯ ಮೇಲೆ ಹತ್ತು ಬ್ಯಾಂಡುಗಳಿಗೆ ಜಾಗ ಉಂಟು, ಬೆನ್ನು ಮಾತ್ರ ಒಂದಕ್ಕೇ. ಏಳೂ ಕೋಟುಗಳ ಬೆನ್ನಿಗೆ 'ಕುಲುಮೆ' ಬ್ಯಾಂಡಿನ ಪ್ಯಾಚು ಇತ್ತು: ಕೆಂಪು ಬೆಂಕಿ, ಅದರ ನಡುವೆ ಕಪ್ಪು ಸುತ್ತಿಗೆ. ಎಲ್ಲವನ್ನೂ ಹೊಲಿದವಳು ಅವಳೇ. ಕುಲುಮೆಯಲ್ಲಿ ಮೂವತ್ತೈದು ವರ್ಷ ಡ್ರಮ್ಸ್ ಬಾರಿಸಿದವನು ಅವಳ ತಮ್ಮ. ಅವನು ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ಬರುವ ಭಾನುವಾರ, ಅವನು ಹೋದಮೇಲೆ ಮೊದಲ ಸಲ, ಕುಲುಮೆ ಇದೇ ಊರಿನಲ್ಲಿ ನುಡಿಸುವುದಿತ್ತು. ಅದಕ್ಕೇ ಕೋಟು ರಿಪೇರಿಗೆ ಬಂದಿವೆ ಎಂದುಕೊಂಡು ಅವಳು ಕನ್ನಡಕ ಏರಿಸಿಕೊಂಡಳು.

"ಅಂಚು ಎದ್ದಿದೆಯೇನೋ? ಇಟ್ಟು ಹೋಗು. ಶನಿವಾರದ ಒಳಗೆ ಕೊಡ್ತೀನಿ."

"ಅಂಚಲ್ಲ ಅಕ್ಕ." ಅಧ್ಯಕ್ಷ ತನ್ನ ಬೋಳುತಲೆ ಸವರಿಕೊಂಡ. ಶಾಲೆಯ ಬಸ್ಸು ಓಡಿಸುವ ಐವತ್ತು ದಾಟಿದ ಗಂಡಸು; ಅಭಿಮಾನಿಗಳ ಸಂಘ ಕಟ್ಟಿದ ದಿನದಿಂದ ಅಧ್ಯಕ್ಷನಾಗಿ ಉಳಿದುಬಿಟ್ಟಿದ್ದರಿಂದ ಈಗ ಅವನ ಹೆಂಡತಿಯೂ ಅವನನ್ನು ಹಾಗೆಯೇ ಕರೆಯುತ್ತಿದ್ದಳು. "ಬೆನ್ನಿಂದು ಬಿಚ್ಚಬೇಕು. ಬಿಚ್ಚಿ, ಇದನ್ನ ಹಾಕಬೇಕು."

ಅವನು ಜೇಬಿನಿಂದ ತೆಗೆದಿಟ್ಟದ್ದು 'ಬರಸಿಡಿಲು' ಬ್ಯಾಂಡಿನ ಏಳು ಹೊಸ ಪ್ಯಾಚುಗಳು. ಬರಸಿಡಿಲಿನವರು ಕುಲುಮೆಯ ವಾರಿಗೆಯವರೇ. ಥ್ರ್ಯಾಶ್ ಮೆಟಲ್ ಎಂಬ ಆ ಬಿರುವೇಗದ ಅಬ್ಬರದ ಸಂಗೀತ ನುಡಿಸುವುದರಲ್ಲಿ ಇವರು ಹೆಚ್ಚೋ ಅವರು ಹೆಚ್ಚೋ ಎಂದು ಎರಡು ಕಡೆಯ ಅಭಿಮಾನಿಗಳೂ ಹಾವು ಮುಂಗುಸಿಯಂತೆ ಕಚ್ಚಾಡಿಕೊಂಡೇ ಮುದುಕರಾಗಿದ್ದರು. ಬರಸಿಡಿಲಿನ ಪ್ಯಾಚು ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದವನು ಇದೇ ಅಧ್ಯಕ್ಷ.

ದೊಡ್ಡಕ್ಕನ ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಯಿತು.

"ಯಾಕೆ?" ಅಂದಳು.

"ಸಂಘದಲ್ಲಿ ಮಾತಾಡಿದ್ವಿ. ಅವನಿಲ್ಲದ ಕುಲುಮೆ ಕುಲುಮೆನೇ ಅಲ್ಲ ಅಕ್ಕ. ಅವನ ಸ್ಟೂಲಿನ ಮೇಲೆ ಯಾವುದೋ ಹುಡುಗಿನ ತಂದು ಕೂರಿಸಿದಾರೆ. ಭಾನುವಾರ ನಾವ್ಯಾರೂ ಹೋಗಲ್ಲ. ಇದು ನಿಮ್ಮ ತಮ್ಮನಿಗೆ ನಾವು ಕೊಡೋ ಮರ್ಯಾದೆ."

ಅವನ ಕಣ್ಣು ನಿಜವಾಗಿಯೂ ತೇವವಾಗಿತ್ತು. ಅದೇ ಅವಳಿಗೆ ಹೆಚ್ಚು ಉರಿದದ್ದು. ಸುಳ್ಳನಾಗಿದ್ದರೆ ಬಾಗಿಲು ತೋರಿಸಬಹುದಿತ್ತು. ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿದವನನ್ನು ಏನು ಮಾಡುವುದು?

"ನಾಳೆ ಮಧ್ಯಾಹ್ನ ಬನ್ನಿ," ಅಂದಳು. "ನೀನೊಬ್ಬನೇ ಅಲ್ಲ. ಕೋಟಿನ ಒಡೆಯರು ಏಳೂ ಜನ ಬರಬೇಕು."

ಅವನು ಹೋದ ಮೇಲೆ ಅವಳು ಮಿಷನ್ನಿನ ಮುಂದೆ ಸುಮ್ಮನೆ ಕುಳಿತಳು. ಮರ್ಯಾದೆಯಂತೆ! ಎರಡು ವರ್ಷದ ಹಿಂದೆ ತಮ್ಮನ ಮಣಿಕಟ್ಟು ಊದಿಕೊಂಡು ಕೈ ನಿಧಾನವಾದಾಗ ಇವರು ಮಾಡಿದ್ದೇನು? ಬ್ಯಾಂಡಿನವರಿಗೆ ಕಾಗದ ಬರೆದರು. 'ಹಳೆಯ ವೇಗವಿಲ್ಲ. ಡ್ರಮ್ಮರನ್ನು ಬದಲಾಯಿಸಿ, ಇಲ್ಲವೇ ಬ್ಯಾಂಡು ಮುಚ್ಚಿ.' ಕೆಳಗೆ ಏಳು ಸಹಿ, ಮೊದಲನೆಯದು ಅಧ್ಯಕ್ಷನದು. ಉಳಿದ ಮೂವರು ವಾದಕರು ಆ ಕಾಗದವನ್ನು ಹರಿದು ಬಿಸಾಡಬೇಕೆಂದಿದ್ದರು. ತಮ್ಮನೇ ಬೇಡವೆಂದು ಮನೆಗೆ ತಂದಿದ್ದ. ಊಟದ ಮೇಜಿನ ಮೇಲೆ ಬಿಡಿಸಿಟ್ಟು, "ಇವರು ಹೇಳೋದು ಸುಳ್ಳಲ್ಲ ಅಕ್ಕ" ಎಂದು ನಕ್ಕಿದ್ದ. ಆ ರಾತ್ರಿ ಅನ್ನ ಮುಟ್ಟಲಿಲ್ಲ. ಮರುವಾರದಿಂದ ಒಬ್ಬ ಹುಡುಗಿಗೆ ಕಲಿಸಲು ಶುರುಮಾಡಿದ. ಆಸ್ಪತ್ರೆಯ ಹಾಸಿಗೆಯ ಮೇಲೂ ಊದಿದ ಬೆರಳಿನಿಂದ ಮಂಚದ ಕಂಬಿ ತಟ್ಟಿ ಅವಳಿಗೆ ತಾಳದ ಲೆಕ್ಕ ಹೇಳಿಕೊಡುತ್ತಿದ್ದ. ಕೊನೆಗೆ ಅಕ್ಕನನ್ನು ಕೇಳಿದ್ದು ಒಂದೇ: "ಅವಳು ಕೂರೋ ಮೊದಲನೇ ದಿನ ಮುಂದಿನ ಸಾಲು ಖಾಲಿ ಇರಬಾರದು. ನಮ್ಮ ಏಳು ಜನ ನಿಂತ್ರೆ ಸಾಕು. ಹೇಳ್ತೀಯಾ?"

ಹೇಳುತ್ತೇನೆ ಎಂದಿದ್ದಳು. ಹೇಳುವ ಅಗತ್ಯವೇ ಬೀಳದು ಎಂದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ, ದೇವರೇ, ಅವರಿಗೆ ಒಳ್ಳೆಯ ಬುದ್ಧಿ ಕೊಡು ಎಂದು ಬೇಡಿಕೊಂಡಳು. ಸ್ವಲ್ಪ ತಡೆದು, ಕೊಡಲು ಆಗದಿದ್ದರೆ ನನ್ನ ನಾಲಿಗೆಯನ್ನಾದರೂ ಹಿಡಿಯಬೇಡ ಎಂದೂ ಸೇರಿಸಿದಳು.

ಮಧ್ಯಾಹ್ನ ಏಳು ಜನ ಬಂದರು. ಅಂಗಡಿಯಲ್ಲಿ ಏಳು ಕುರ್ಚಿ, ಪ್ರತಿ ಕುರ್ಚಿಯ ಮೇಲೆ ಅವರವರ ಕೋಟು, ಅದರ ಮೇಲೆ ಹೊಲಿಗೆ ಬಿಚ್ಚುವ ಒಂದೊಂದು ಕೊಕ್ಕೆ ಇತ್ತು.

"ಇದೇನಕ್ಕ?" ಎಂದಳು ಹಲ್ಲಿನ ಡಾಕ್ಟರು. ಎಷ್ಟೋ ಜನರ ಹಲ್ಲು ಕಿತ್ತ ಹೆಂಗಸು ಆ ಕೊಕ್ಕೆಯನ್ನು ನೋಡಿ ಹೆದರಿದಂತೆ ಕಂಡಳು.

"ಹಾಕೋದು ನನ್ನ ಕಸುಬು. ಕೀಳೋದು ನಿಮ್ಮದು. ಕೂತ್ಕೊಳ್ಳಿ."

"ನಮಗೆ ಬರಲ್ಲ ಅಕ್ಕ," ಎಂದ ಬೇಕರಿಯ ಅಣ್ಣ. ಅವನ ತಮ್ಮ ಹೌದೆಂಬಂತೆ ತಲೆ ಆಡಿಸಿದ. ಬೇಕರಿ ನಡೆಸುವ ಈ ಅಣ್ಣತಮ್ಮಂದಿರು ಎಲ್ಲ ವಿಷಯದಲ್ಲೂ ಹೀಗೆಯೇ.

"ಬರುತ್ತೆ. ಕಾಗದ ಬರೆಯೋಕೆ ಬಂತಲ್ಲ, ಇದೂ ಬರುತ್ತೆ."

ಒಬ್ಬೊಬ್ಬರಾಗಿ ಕುಳಿತರು. ದೊಡ್ಡಕ್ಕ ಆ ಪ್ಯಾಚುಗಳನ್ನು ಮೇಣ ತೀಡಿದ ಎರಡೆಳೆ ದಾರದಲ್ಲಿ ಕೈಯಿಂದಲೇ, ಎರಡು ಸುತ್ತು ಹೊಲಿದಿದ್ದಳು. ಕೊಕ್ಕೆ ತೂರಿಸಲೂ ಸಂದು ಸಿಗುತ್ತಿರಲಿಲ್ಲ. ಕಾಲು ಗಂಟೆ ಕಳೆದರೂ ಒಂದು ಮೂಲೆ ಎಬ್ಬಿಸುವುದು ಕಷ್ಟವಾಯಿತು.

"ಇಷ್ಟು ಬಿಗಿಯಾಗಿ ಯಾಕೆ ಹೊಲಿದ್ರಿ?" ಬೇಕರಿಯ ತಮ್ಮ ಬೆರಳು ಚುಚ್ಚಿಕೊಂಡು ಬಾಯಿಗಿಟ್ಟುಕೊಂಡ.

"ಸಾಯೋವರೆಗೂ ಇರಬೇಕು ಅಂತ ನೀನೇ ಹೇಳಿದ್ದೆಯಪ್ಪ. ಯಾರು ಸಾಯೋವರೆಗೆ ಅಂತ ನಾನು ಕೇಳಲಿಲ್ಲ. ನನ್ನ ತಪ್ಪು."

ಡಾಕ್ಟರು ತಲೆ ತಗ್ಗಿಸಿದಳು. ಅಧ್ಯಕ್ಷ ಕೊಕ್ಕೆ ಇಟ್ಟು ನೆಟ್ಟಗೆ ಕುಳಿತ.

"ಅಕ್ಕ, ಆ ಕಾಗದ ಬೇರೆ, ಇದು ಬೇರೆ."

"ಹೇಗೆ ಬೇರೆ? ಅವನು ಇದ್ದಾಗ ಅವನು ಬೇಡ ಅಂದ್ರಿ. ಅವನು ಹೋದಮೇಲೆ ಅವನೇ ಬೇಕು ಅಂತೀರಿ. ಕೈ ನೋಯ್ತಿದ್ದವನನ್ನ ಏಳು ಸಹಿ ಹಾಕಿ ಇಳಿಸೋಕೆ ಹೊರಟವರು, ಈಗ ಅವನ ಹೆಸರು ಹೇಳ್ಕೊಂಡು ಅವನ ಬ್ಯಾಂಡನ್ನೇ ಬಿಡ್ತಿದೀರಿ. ಬದುಕಿದ್ದಾಗ ಕಲ್ಲು, ಸತ್ತಮೇಲೆ ಹೂವು. ಹೊಸಬರನ್ನ ತನ್ನಿ ಅಂದವರು ನೀವೇ ತಾನೆ? ತಂದ. ತನ್ನ ಕೈಯಾರೆ ಕಲಿಸಿ ತಂದ. ಈಗ ಅವಳು ಯಾವುದೋ ಹುಡುಗಿ!"

"ಅವನೇ ಕಲಿಸಿದ್ದು ಅಂತ..." ಎನ್ನುತ್ತ ಡಾಕ್ಟರು ಕೊಕ್ಕೆಯನ್ನು ಕೆಳಗಿಟ್ಟಳು.

"ಕೇಳಿದ್ರೆ ಗೊತ್ತಾಗ್ತಿತ್ತು. ಯಾರು ಕೇಳಿದ್ರಿ? ಮುಂದಿನ ಸಾಲಲ್ಲಿ ನೀವು ಏಳು ಜನ ನಿಂತ್ರೆ ಸಾಕು ಅಂದ. ಆಸ್ಪತ್ರೆಯಲ್ಲಿ. ಸಹಿ ಹಾಕಿದ ಅದೇ ಏಳು ಜನ!" ಅವಳ ದನಿ ಒಡೆಯಿತು. ಅದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅಧ್ಯಕ್ಷನ ಮುಖ ಕೆಂಪಾಯಿತು. ಅವನೂ ಮನುಷ್ಯನೇ, ಆರು ಜನರ ಮುಂದೆ ಕುಟುಕಿಸಿಕೊಂಡು ಸುಮ್ಮನಿರಲು ಆಗಲಿಲ್ಲ.

"ನಮಗೆ ನಿಷ್ಠೆ ಹೇಳಿಕೊಡ್ತೀರಾ ಅಕ್ಕ? ನಾವು ಮಳೆಲಿ ನಿಂತಿದೀವಿ, ನೂಕಾಟದಲ್ಲಿ ಪಕ್ಕೆ ಮುರ್ಕೊಂಡಿದೀವಿ, ಕಿವಿ ಅರ್ಧ ಹೋಗಿದೆ. ನೀವು ಮೂವತ್ತೈದು ವರ್ಷದಲ್ಲಿ ಒಂದೇ ಒಂದು ದಿನ ಬಂದು ಅವನು ಬಾರಿಸೋದನ್ನ ಕೇಳಿದೀರಾ? ಅದು ಸೈತಾನನ ಗದ್ದಲ ಅಂತಿದ್ರಿ. ಅವನೇ ಹೇಳ್ತಿದ್ದ."

ಏಟು ತಾಗಬೇಕಾದ ಕಡೆಯೇ ತಾಗಿತ್ತು. ಹೌದು, ಹೋಗಿರಲಿಲ್ಲ. ಪ್ರತಿಸಲ ಅವನು ಕರೆದಾಗಲೂ ಏನೋ ಒಂದು ನೆಪ: ಬ್ಲೌಸು ಕೊಡುವುದಿದೆ, ತಲೆನೋವು, ಪ್ರಾರ್ಥನೆಯ ಹೊತ್ತು. ಆಮೇಲೆ ಅವನೇ ಕರೆಯುವುದನ್ನು ಬಿಟ್ಟ.

"ಹೋಗಿಲ್ಲ," ಅಂದಳು. "ದೇವರ ಮುಂದೆ ಒಪ್ಪಿಕೊಂಡಿದೀನಿ, ನಿನ್ನ ಮುಂದೆಯೂ ಒಪ್ಪಿಕೊಳ್ತೀನಿ. ಭಾನುವಾರ ಹೋಗ್ತೀನಿ. ನನ್ನ ತಪ್ಪು ನನಗಿರಲಿ. ಅದನ್ನ ಹಿಡ್ಕೊಂಡು ನಿನ್ನದನ್ನ ಒರೆಸ್ಕೋಬೇಡ."

"ಆ ಸ್ಟೂಲಿನ ಮೇಲೆ ಇನ್ನೊಬ್ಬರನ್ನ ನೋಡೋಕೆ ನನ್ನಿಂದ ಆಗಲ್ಲ ಅಕ್ಕ," ಎಂದ ಅವನು. ಈ ಸಲ ದನಿ ಸಣ್ಣದಾಗಿತ್ತು.

"ನನ್ನಿಂದ ಆಗುತ್ತೇನೋ?"

ಅವನು ಕೊಕ್ಕೆ ಎತ್ತಿಕೊಂಡು ಹಠದಿಂದ ಬಿಚ್ಚತೊಡಗಿದ. ಡಾಕ್ಟರು ತನ್ನ ಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಗೋಡೆಯ ಕಡೆಯ ಕುರ್ಚಿಗಳಲ್ಲಿದ್ದ ಇನ್ನು ಮೂವರು ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೊಕ್ಕೆಗಳನ್ನು ಮೇಜಿಗೆ ಹಿಂದಿರುಗಿಸಿದರು. ಬೇಕರಿಯ ಅಣ್ಣ ಅಧ್ಯಕ್ಷನನ್ನು ನೋಡಿ ಬಿಚ್ಚಿದ. ತಮ್ಮ ಅಣ್ಣನನ್ನು ನೋಡಿ ಬಿಚ್ಚಿದ. ಎರಡೂವರೆ ಗಂಟೆ ಹಿಡಿಯಿತು. ಅಧ್ಯಕ್ಷನ ಪ್ಯಾಚು ಕಳಚಿ ಬಿದ್ದಾಗ ಅದರಡಿಯ ಬಟ್ಟೆ ಬಿಸಿಲು ಕಾಣದೆ ಹೊಚ್ಚಹೊಸದರಂತೆ ಕಡುನೀಲಿಯಾಗಿತ್ತು. ಅವನು ಅದನ್ನೇ ನೋಡುತ್ತ ಕುಳಿತ.

"ಈಗ ಬರಸಿಡಿಲಿಂದು ಹೊಲಿದು ಕೊಡಿ ಅಕ್ಕ," ಎಂದ ಕೊನೆಗೆ.

"ಊರಲ್ಲಿ ಇನ್ನೂ ಆರು ಜನ ದರ್ಜಿಗಳಿದಾರೆ. ನನ್ನ ಸೂಜಿ ಅದಕ್ಕೆ ಏಳಲ್ಲ."

ಅಧ್ಯಕ್ಷ, ಬೇಕರಿಯ ಅಣ್ಣತಮ್ಮಂದಿರು, ಮೂವರೂ ಬರಿಬೆನ್ನಿನ ಕೋಟು ಹೊತ್ತು ಹೋದರು.

ಭಾನುವಾರ ಸಂಜೆ ದೊಡ್ಡಕ್ಕ ಕಿವಿಗೆ ಹತ್ತಿ ತುರುಕಿಕೊಂಡು ಹೋದಳು. ವೇದಿಕೆಯ ಮುಂದಿನ ಕಬ್ಬಿಣದ ಕಂಬಿಯ ಹತ್ತಿರ ಡಾಕ್ಟರು ಮತ್ತು ಕೊಕ್ಕೆ ಹಿಂದಿರುಗಿಸಿದ್ದ ಮೂವರು ನಿಂತಿದ್ದರು. ಅವರ ಪಕ್ಕಕ್ಕೆ ಮೂರು ಜನರಷ್ಟು ಜಾಗ ತೆರವು. ಹಿಂದಿನ ಗುಂಪಿನವರು ಅಭ್ಯಾಸಬಲದಿಂದ ಅದನ್ನು ಹಾಗೆಯೇ ಬಿಟ್ಟಿದ್ದರು. ಅದು ಯಾರ ಜಾಗವೆಂದು ಎಲ್ಲರಿಗೂ ಗೊತ್ತು.

ಅಧ್ಯಕ್ಷ ಬಂದಾನು, ಕೊನೆಯ ಗಳಿಗೆಗಾದರೂ ಬಂದಾನು ಎಂದು ಅವಳು ಎರಡು ಸಲ ಹಿಂತಿರುಗಿ ನೋಡಿದಳು. ಬರಲಿಲ್ಲ. ಹುಡುಗಿ ಸ್ಟೂಲಿನ ಮೇಲೆ ಕುಳಿತು, ಮುಂದಿನ ಸಾಲನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆ ತೆರಪಿನ ಹತ್ತಿರ ಅವಳ ಕಣ್ಣು ನಿಂತಿತು.

ದೊಡ್ಡಕ್ಕನಿಗೆ ಮೈಯೆಲ್ಲ ಉರಿದು ಹೋಯಿತು. ದೇವರೇ, ಬಾರದ ಆ ಮೂವರನ್ನು ಕ್ಷಮಿಸುವ ಕೆಲಸ ಸದ್ಯಕ್ಕೆ ನಿನಗೇ ಇರಲಿ, ನನ್ನಿಂದ ಆಗದು ಎಂದು ಮನಸ್ಸಿನಲ್ಲೇ ಅಂದಳು. ತೆರಪಿನ ನಟ್ಟನಡುವೆ ಹೋಗಿ ನಿಂತು, ಎರಡೂ ಕೈಗಳನ್ನು ಕಂಬಿಯ ಉದ್ದಕ್ಕೂ ಚಾಚಿ, ಮೊಣಕೈ ಅಗಲಿಸಿ, ಮೂವರ ಜಾಗವನ್ನು ಒಬ್ಬಳೇ ತುಂಬಿಕೊಂಡಳು. ಡ್ರಮ್ಮಿನ ಮೊದಲ ಏಟು ಎದೆಗೇ ಬಂದು ಬಿತ್ತು. ಅವಳು ಕಂಬಿ ಬಿಡಲಿಲ್ಲ.