ಕೀಲಿ ಕಾಯುವ ಸೀಟು

ಅಕ್ಕ ಸತ್ತ ದಿನ ಜೀಪಿನ ಸೀಟಿನಲ್ಲಿ ಯಾರೂ ಇರಲಿಲ್ಲ.

ಸೌದೆ ಡಿಪೋದ ಹಳೆಯ ಜೀಪು ಅದು. ಹಿಂದಿನ ಒಂದು ಚಕ್ರ ಬಿಚ್ಚಿ, ಆ ಜಾಗಕ್ಕೆ ತಿರುಪು ಕೊರೆದ ಮೊನಚು ಕಬ್ಬಿಣ ಕೂರಿಸಿದ್ದರು. ನಾವು ಅದನ್ನು ಬುಗುರಿ ಎನ್ನುತ್ತಿದ್ದೆವು. ಇಂಜಿನ್ ಓಡಿದರೆ ಬುಗುರಿ ತಿರುಗುತ್ತದೆ. ದಿಮ್ಮಿ ಒತ್ತಿದರೆ ತಾನೇ ಒಳಗೆಳೆದುಕೊಂಡು ಸೀಳುತ್ತದೆ. ದಿಮ್ಮಿಯೋ ಕೈಯೋ ಅದಕ್ಕೆ ಗೊತ್ತಾಗುವುದಿಲ್ಲ. ನಿಲ್ಲಿಸಬೇಕಾದರೆ ಮುಂದಿನ ಸೀಟಿನ ಹತ್ತಿರದ ಕೀಲಿ ತಿರುಗಿಸಬೇಕು.

ಅಕ್ಕ ದಿಮ್ಮಿ ಒತ್ತುತ್ತಿದ್ದಳು. ನಾನು ಕೀಲಿಯ ಮೇಲೆ ಕೈಯಿಟ್ಟು ಕೂರುತ್ತಿದ್ದೆ. ಸೀಟಿನಿಂದ ಬುಗುರಿ ಕಾಣದು. ಅದಕ್ಕೇ ಅವಳು ಒಂದೊಂದು ದಿಮ್ಮಿ ಸೀಳಿದಾಗಲೂ ಗಟ್ಟಿಯಾಗಿ "ಹೂಂ" ಎನ್ನುತ್ತಿದ್ದಳು. ಹೂಂ ತಡವಾದರೆ ನಾನು ಇಂಜಿನ್ ಆರಿಸುತ್ತಿದ್ದೆ. ಒಮ್ಮೆ ಸೀನು ಬಂದು ತಡವಾಯಿತು. ಆರಿಸಿಬಿಟ್ಟೆ. "ಸೀನೋಕೂ ನಿನ್ನ ಅಪ್ಪಣೆ ಬೇಕೇನೆ ತಾಯಿ?" ಎಂದು ನಕ್ಕಿದ್ದಳು.

ಡಿಪೋದ ಧಣಿ ನೆರಳಿನಲ್ಲಿ ಮರದ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ. ಅಕ್ಕ ಸತ್ತ ದಿನ ಬೆಳಿಗ್ಗೆ ನನ್ನತ್ತ ಕೂಗಿದ.

"ಏಯ್ ಮುಂಡೇದೇ, ಆರಾಮಾಗಿ ಕೂತ್ಕೊಳ್ಳೋಕೆ ನೀನೇನು ನಮ್ಮತ್ತೇನಾ? ಇಳಿ ಕೆಳಗೆ. ಹೋಗಿ ಸೌದೆ ಪೇರ್ಸು."

"ಧಣಿ, ಕೀಲಿ ಹತ್ರ ಒಬ್ರು ಇರ್ಬೇಕು..."

"ಕೂತವರಿಗೆ ಇಲ್ಲಿ ಕೂಲಿ ಇಲ್ಲ."

"ಹೋಗೆ, ನಾನು ನೋಡ್ಕೋತೀನಿ" ಎಂದಳು ಅಕ್ಕ. ಇಳಿದೆ.

ಸೌದೆ ಪೇರಿಸುತ್ತ ಕಿವಿಯನ್ನು ಅತ್ತಲೇ ಇಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಂದು ಹೂಂ ಬರಲಿಲ್ಲ. ಓಡಿದೆ. ಅವಳ ನೀಲಿ ಶಾಲನ್ನು ಬುಗುರಿ ಸುತ್ತಿಕೊಳ್ಳುತ್ತಿತ್ತು. ನಾನು ಕೀಲಿ ಮುಟ್ಟುವಷ್ಟರಲ್ಲಿ ಶಾಲು ಮುಗಿದು ಕತ್ತಿಗೆ ಬಂದಿತ್ತು.

ಒಂಬತ್ತನೆಯ ದಿನ ಧಣಿ ನನ್ನನ್ನೇ ಬುಗುರಿಯ ಮುಂದೆ ನಿಲ್ಲಿಸಿದ. ಸೀಟು ಖಾಲಿ. ತಿರುಪಿನ ಸಂದಿನಲ್ಲಿ ನೀಲಿ ದಾರ ಇನ್ನೂ ಸಿಕ್ಕಿಕೊಂಡಿತ್ತು. ಇಂಜಿನ್ ಶುರುವಾದೊಡನೆ ಅಕ್ಕನ ಹೂಂ ಕೇಳಿತು. ನಾನಿನ್ನೂ ದಿಮ್ಮಿ ಮುಟ್ಟಿರಲಿಲ್ಲ. ಹೂಂ, ಹೂಂ, ಒಂದರ ಹಿಂದೊಂದು. ಕೈ ಏಳಲಿಲ್ಲ.

"ಏನೇ, ದೆವ್ವ ಮೆಟ್ಕೊಂಡಿದೆಯಾ? ಒತ್ತೇ ಬೋಳಿ!" ಧಣಿ ಎದ್ದು ಬಂದ. "ನಿಮ್ಮಕ್ಕನಿಗೆ ಮೈಮೇಲೆ ಗ್ಯಾನ ಇರ್ಲಿಲ್ಲ, ಸತ್ತಳು. ನೀನಾದ್ರೂ ಗ್ಯಾನ ಇಟ್ಕೊ."

ಸೌದೆ ಪೇರಿಸುವ ಮುದುಕ ತಲೆಯ ಹೊರೆ ಕೆಳಗೆ ಹಾಕಿದ. ಯಾರೂ ಹೇಳದೆ ಹೋಗಿ ಸೀಟು ಹತ್ತಿದ. ಕೀಲಿಯ ಮೇಲೆ ಕೈಯಿಟ್ಟ.

"ಲೇ ಮುದಿಯಾ, ಇಳಿಯೋ!"

"ಮಂಡಿ ನೋವು ಧಣಿ. ಹತ್ತಿದ್ದೇ ದೊಡ್ದು." ಆಮೇಲೆ ನನಗೆ ಕೇಳಿಸುವಂತೆ ಕೂಗಿದ: "ಒತ್ತವ್ವಾ, ನಾನಿದೀನಿ."

ನೆರಳಿಗೆ ಹೋಗಿ ಧಣಿಯ ಕುರ್ಚಿ ಹೊತ್ತು ತಂದೆ. ಅದರ ದಪ್ಪ ಹಲಗೆಯನ್ನು ಬುಗುರಿಗೆ ಒತ್ತಿದೆ. ಕಾಲುಗಳು ನೆಲಕ್ಕೆ ಬಡಿದವು. ಹಲಗೆ ನಡುವೆ ಸೀಳಿತು.

"ಹೂಂ" ಎಂದೆ.

ಮುದುಕ ಇಂಜಿನ್ ಆರಿಸಿದ. ಅಕ್ಕನ ಹೂಂ ಮಾತ್ರ ನಿಲ್ಲಲಿಲ್ಲ.

ಸಂಜೆ ಠಾಣೆಯಲ್ಲಿ ಪೊಲೀಸಿನವನು ದೂರು ಕೊಡಲು ಬಂದ ಧಣಿಗೆ ಬೆಂಚು ತೋರಿಸಿದ. ನಾನೂ ಮುದುಕನೂ ನಿಂತಿದ್ದೆವು.

"ಏನೇನು ಹೋಯ್ತು?"

"ಕುರ್ಚಿ" ಎಂದ ಧಣಿ.

"ಶಾಲೂ ಬರ್ಕೊಳ್ಳಿ ಸ್ವಾಮಿ" ಎಂದೆ. "ಅಕ್ಕನ್ನೂ ಬರ್ಕೊಳ್ಳಿ."

ಪೊಲೀಸಿನವನು ತಲೆಯೆತ್ತದೆ ಬರೆದ: ಕುರ್ಚಿ, ಒಂದು.