ಉಗುಳದೇ ಉಳಿದ ಗುಟುಕು

ನನ್ನ ಬಾಯಿ ಅಗಲ, ಕುತ್ತಿಗೆ ಸಣ್ಣದು, ಹೊಟ್ಟೆ ಮತ್ತೆ ಅಗಲ. ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲಿ ಒಬ್ಬ ಮುದುಕ ಹಿತ್ತಾಳೆಯ ತಗಡನ್ನು ಕಾಯಿಸಿ, ಬಡಿದು, ಮತ್ತೆ ಕಾಯಿಸಿ ನನಗೆ ಈ ರೂಪ ಕೊಟ್ಟ. ಎತ್ತರ ಮೊಣಕಾಲಿನವರೆಗೆ. ನನ್ನ ಪಕ್ಕದಲ್ಲಿ ಸಾಲಾಗಿ ಕೊಡಗಳಿದ್ದವು. ಬಂದವರು ಅವುಗಳನ್ನು ಎತ್ತಿ, ಬೆರಳಿನಿಂದ ತಟ್ಟಿ, ನಾದ ಕೇಳಿ ಒಯ್ಯುತ್ತಿದ್ದರು. ನನ್ನನ್ನು ಯಾರೂ ತಟ್ಟಲಿಲ್ಲ. ಪೀಕದಾನಿಯ ನಾದ ಯಾರಿಗೆ ಬೇಕು?

ಮೊದಲು ನಾನು ಹೋಗಿದ್ದು ಒಬ್ಬ ವಕೀಲರ ಮನೆಗೆ. ಅವರ ತೂಗುಮಂಚದ ಕೆಳಗೆ ನನ್ನ ಜಾಗ. ಊರಿನ ಜಗಳಗಳೆಲ್ಲ ನನ್ನ ತಲೆಯ ಮೇಲೆ ತೀರ್ಮಾನವಾಗುತ್ತಿದ್ದವು, ಎಲೆಯಡಿಕೆಯ ಕೆಂಪು ನನ್ನೊಳಗೆ ಇಳಿಯುತ್ತಿತ್ತು. ಡಾಕ್ಟರರು ತಂಬಾಕು ಬಿಡಿಸಿದ ದಿನವೇ ನನ್ನನ್ನು ಅಟ್ಟಕ್ಕೆ ಏರಿಸಿದರು. ಮುಂದೆ ಮನೆ ಪಾಲಾಯಿತು. ಅಣ್ಣತಮ್ಮಂದಿರು ಬೆಳ್ಳಿಯ ತಂಬಿಗೆಗಾಗಿ ಕಾದಾಡಿದರು. ನನ್ನ ವಿಷಯದಲ್ಲಿ ಮಾತ್ರ ಅವರಿಗೆ ಭಿನ್ನಾಭಿಪ್ರಾಯ ಇರಲಿಲ್ಲ. ಗುಜರಿ ಅಂಗಡಿಗೆ ಬಂದೆ.

ಅಲ್ಲಿಗೆ ಒಂದು ದಿನ ತೆಳ್ಳಗಿನ ಮನುಷ್ಯರೊಬ್ಬರು ಬಂದರು. ಬಿಳಿ ಅಂಗಿ, ಸದಾ ಏನನ್ನೋ ಮೂಸುತ್ತಿರುವಂಥ ಮೂಗು. ಬಗ್ಗಿ ನನ್ನ ಬಾಯೊಳಗೆ ಇಣುಕಿದರು. ಉಗುಳುವುದಕ್ಕಲ್ಲದೆ, ಸುಮ್ಮನೆ ನೋಡುವುದಕ್ಕೆಂದು ನನ್ನ ಕಡೆ ಬಗ್ಗಿದ ಮೊದಲ ಮನುಷ್ಯರು ಅವರು.

"ಇದಕ್ಕ ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ರಾಜಾನಂಗ ಆಗ್ತೈತಿ," ಎಂದು ನನ್ನನ್ನು ಕೊಂಡರು.

ಅವರೇ ಮುನವಳ್ಳಿಯವರು. ವಸಂತಭಾಯಿ ಶೇಠರ ಚಹಾಪುಡಿ ಮಳಿಗೆಯಲ್ಲಿ ರುಚಿ ನೋಡುವ ಕೆಲಸ ಅವರದು. ಬೇರೆ ಬೇರೆ ಸೀಮೆಯ ಚಹಾ ತರಿಸಿ, ಯಾವುದಕ್ಕೆ ಯಾವುದು ಎಷ್ಟು ಬೆರೆಸಬೇಕೆಂದು ಅವರ ನಾಲಿಗೆ ಹೇಳಬೇಕು. ಅದರಂತೆ ಪೊಟ್ಟಣ ಕಟ್ಟಿ ಊರೂರಿಗೆ ಕಳಿಸುತ್ತಿದ್ದರು.

ಉತ್ತರದ ಕಿಟಕಿಯ ಬೆಳಕಿನಲ್ಲಿ ಉದ್ದನೆಯ ಮೇಜು. ಅದರ ಮೇಲೆ ಬಿಳಿ ಬಟ್ಟಲುಗಳ ಸಾಲು. ಬಿಬಿಜಾನ್ ಎಂಬ ಹೆಣ್ಣುಮಗಳು ಪುಡಿ ತೂಗಿ, ಕುದಿನೀರು ಹೊಯ್ದು, ಮುಚ್ಚಿ, ಹೊತ್ತಾದ ಮೇಲೆ ಬಟ್ಟಲಿಗೆ ಬಸಿದು ಹೊರಗೆ ಹೋಗುತ್ತಿದ್ದಳು. ಮುನವಳ್ಳಿಯವರು ಚಮಚದಲ್ಲಿ ತೆಗೆದು ಸುರ್ರನೆ ಹೀರಿ, ಬಾಯೊಳಗೆ ಹೊರಳಿಸಿ, ಒಂದು ಕ್ಷಣ ಕಣ್ಣು ಮುಚ್ಚಿ, ಆಮೇಲೆ ನನಗೆ ಕೊಡುತ್ತಿದ್ದರು. ನುಂಗುವಂತಿಲ್ಲ. ನುಂಗಿದರೆ ಮುಂದಿನದರ ರುಚಿ ಕೆಡುತ್ತದೆ, ನಿದ್ದೆಯೂ ಹಾರುತ್ತದೆ.

ಹೀಗೆ ಇಡೀ ದೇಶದ ಚಹಾವೆಲ್ಲ ನನ್ನ ಹೊಟ್ಟೆಗೆ ಬಂತು. ಅಸ್ಸಾಮಿನದು ದಪ್ಪ, ಹುರಿದ ಗೋಧಿಯ ವಾಸನೆ. ನೀಲಗಿರಿಯದು ಸ್ವಚ್ಛ, ಮಡಿ ಬಟ್ಟೆಯಂತೆ. ಉತ್ತರ ಬಂಗಾಳದ ದುವಾರ್ಸಿನದು ಯಾರ ಜೊತೆಗೂ ಹೊಂದಿಕೊಳ್ಳುವ ಸಂಭಾವಿತ. ಡಾರ್ಜಿಲಿಂಗಿನದು ಅಪರೂಪಕ್ಕೆ ಬರುತ್ತಿತ್ತು. ಹೊನ್ನಿನ ಬಣ್ಣ, ಮಾಗಿದ ದ್ರಾಕ್ಷಿಯ ನೆನಪು.

ಒಮ್ಮೆ ಶೇಠರು, "ಇದಕ್ಕೊಂದಿಷ್ಟು ಹಾಲು ಹಾಕಿ ನೋಡ್ರಲ್ಲ," ಎಂದಾಗ ಮುನವಳ್ಳಿಯವರು ಚಮಚ ಕೆಳಗಿಟ್ಟರು.

"ಡಾರ್ಜಿಲಿಂಗಿಗೆ ಹಾಲು ಹಾಕೂದು ಅಂದ್ರ ಗಾಯನದ ಬೈಠಕ್ಕಿಗೆ ಡೊಳ್ಳು ತಂದಂಗ್ರೀ, ಶೇಠಜಿ. ಹಾಲು ಹಾಕಾಕ ಅಸ್ಸಾಂ ಐತಲ್ಲ, ಗರಡಿಮನಿ ಪೈಲ್ವಾನ. ಅವ ಎಷ್ಟು ಹಾಲು ಕೊಟ್ರೂ ಕುಡೀತಾನ."

ಮೇಜಿನ ಕೆಳಗೆ ನೀರಿನ ಕ್ಯಾನುಗಳೂ ಇದ್ದವು. ಒಂದರ ಮೇಲೆ ಗದಗ, ಒಂದರ ಮೇಲೆ ಶಿರಸಿ, ಒಂದರ ಮೇಲೆ ಬಾಗಲಕೋಟೆ ಎಂದು ಬರೆದಿತ್ತು. ಚಹಾ ಯಾವ ಊರಿಗೆ ಹೋಗುವುದೋ ಆ ಊರಿನ ನೀರಿನಲ್ಲೇ ಕುದಿಸಿ ನೋಡಬೇಕೆಂಬುದು ಮುನವಳ್ಳಿಯವರ ಹಟ. ಗದಗಿನ ಸವುಳು ನೀರಿಗೆ ನೀಲಗಿರಿ ಮಂಕಾಗುತ್ತದೆ, ಶಿರಸಿಯ ನೀರಿಗೆ ಅಸ್ಸಾಂ ತೀರಾ ಕಡುವಾಗುತ್ತದೆ. ಬೇರೆ ಮಳಿಗೆಯವರು ಇದಕ್ಕೆ ನಗುತ್ತಿದ್ದರು. ಶೇಠರು ನಗಲಿಲ್ಲ, ಲಾರಿಯವರಿಗೆ ಹೇಳಿ ನೀರು ತರಿಸಿ ಕೊಟ್ಟರು.

ಆ ನಾಲಿಗೆಗಾಗಿ ಅವರು ಬಿಟ್ಟದ್ದು ಬಹಳ. ಬೆಳ್ಳುಳ್ಳಿ ಇಲ್ಲ, ಉಳ್ಳಾಗಡ್ಡಿ ಇಲ್ಲ, ಖಾರ ಇಲ್ಲ. ಮಧ್ಯಾಹ್ನ ಹಮಾಲರು ರೊಟ್ಟಿಬುತ್ತಿ ಬಿಚ್ಚಿ, ಒಬ್ಬರ ಚಟ್ನಿಗೆ ಇನ್ನೊಬ್ಬರು ಕೈ ಹಾಕುತ್ತ ನಗುವಾಗ ಇವರು ಬಾಗಿಲು ಹಾಕಿಕೊಂಡು ಕಿಟಕಿಯ ಬಳಿ ಸಪ್ಪನೆಯ ಮೊಸರನ್ನ ಉಣ್ಣುತ್ತಿದ್ದರು. ಮದುವೆಯ ಊಟಕ್ಕೆ ಕರೆದರೆ ಅಕ್ಷತೆ ಹಾಕಿ ಬಂದುಬಿಡುತ್ತಿದ್ದರು. ಬರಬರುತ್ತ ಜನ ಕರೆಯುವುದನ್ನೇ ಬಿಟ್ಟರು. ಕೋಣೆಯಲ್ಲಿ ಅವರು ಮತ್ತು ನಾನು. ಕೆಲವೊಮ್ಮೆ ಊಟ ಮಾಡುತ್ತ ನನ್ನ ಕಡೆ ನೋಡುತ್ತಿದ್ದರು, ಮಾತಾಡಬೇಕೋ ಬೇಡವೋ ಎಂಬಂತೆ.

ಒಂದು ಚಳಿಗಾಲ ಅವರಿಗೆ ಜ್ವರ ಬಂತು. ವಾರ ಕಳೆದು ಕೆಲಸಕ್ಕೆ ಬಂದವರು ಮೊದಲ ಬಟ್ಟಲು ಹೀರಿ ಕೆಳಗಿಟ್ಟರು. ಎರಡನೆಯದನ್ನು ಹೀರಿದರು. ಒಣ ಪುಡಿಯನ್ನು ಅಂಗೈಯಲ್ಲಿ ತೆಗೆದುಕೊಂಡು ಮೂಗಿಗೆ ಒತ್ತಿಕೊಂಡರು. ಆಮೇಲೆ ಯಾರೂ ಇಲ್ಲದ ಕೋಣೆಯಲ್ಲಿ ಮೆಲ್ಲಗೆ, "ಒಗರು ತಿಳೀತೈತಿ. ಕಹಿ ತಿಳೀತೈತಿ. ಚಾ ತಿಳೀವಲ್ದು," ಎಂದರು.

ಅಂದಿನಿಂದ ಅವರು ನುಂಗತೊಡಗಿದರು. ನಾಲಿಗೆಯ ಮೇಲೆ ಸಿಗದಿದ್ದುದು ಗಂಟಲಿನ ಆಳದಲ್ಲಾದರೂ ಸಿಕ್ಕೀತೇನೋ ಎಂದು ಒಂದೊಂದು ಬಟ್ಟಲನ್ನೂ ನುಂಗಿ, ಕಣ್ಣು ಮುಚ್ಚಿ ಕಾಯುತ್ತಿದ್ದರು. ಸಿಗುತ್ತಿರಲಿಲ್ಲ. ರಸದ ಬಣ್ಣ, ಬೆಂದ ಎಲೆಯ ಬಣ್ಣ ನೋಡಿ, ಹಳೆಯ ನೆನಪು ಕೂಡಿಸಿ ಶೇಠರಿಗೆ ಉತ್ತರ ಹೇಳುತ್ತಿದ್ದರು. ನಾನು ಒಣಗಿ ನಿಂತೆ. ಅವರ ನಷ್ಟ ಮೊದಲು ಗೊತ್ತಾದದ್ದು ನನಗೆ. ಹೇಳಲು ನನಗೆ ಬಾಯಿ ಇದ್ದೂ ಇಲ್ಲ.

ಎರಡನೆಯವಳು ಬಿಬಿಜಾನ್. ಸಂಜೆ ನನ್ನನ್ನು ಹಿತ್ತಿಲ ಮೋರಿಗೆ ಒಯ್ದು ತೊಳೆಯುವವಳು ಅವಳೇ. ಎಂದಿನಂತೆ ಎರಡೂ ಕೈ ಹಾಕಿ, ಸೊಂಟ ಬಿಗಿದು ಎತ್ತಿದಳು. ನಾನು ಹೂವಿನಂತೆ ಮೇಲೆದ್ದೆ. ಅವಳು ಒಳಗೆ ಇಣುಕಿದಳು. ಮುನವಳ್ಳಿಯವರು ಹೊರಟುಹೋಗಿದ್ದ ಬಾಗಿಲನ್ನೊಮ್ಮೆ ನೋಡಿದಳು.

ಮೋರಿಗೆ ಹೋಗುವ ದಾರಿ ಶೇಠರ ಗಾದಿಯ ಮುಂದೆಯೇ. ನಾನು ಹಾದುಹೋಗುವಾಗಲೆಲ್ಲ, "ಏನ್ ಬಿಬಿಜಾನ್, ಇವತ್ತ ಎಷ್ಟು ರಾಜ್ಯ ಉಗುಳ್ಯಾರ ನಮ್ಮ ಸಾಹೇಬ್ರು?" ಎಂದು ಕೇಳುವುದು ಶೇಠರ ಚಾಳಿ. ಕೇಳುತ್ತ ಒಮ್ಮೆ ಒಳಗೂ ನೋಡುತ್ತಿದ್ದರು. ಬಿಬಿಜಾನ್ ನನ್ನನ್ನು ಮತ್ತೆ ಕೆಳಗಿಟ್ಟಳು. ಬಟ್ಟಲುಗಳಲ್ಲಿ ಉಳಿದ ಚಹಾ ಸುರಿಯುವ ಬಕೆಟ್ಟು ಪಕ್ಕದಲ್ಲಿತ್ತು. ಅದರಿಂದ ಎರಡು ಚೊಂಬು ನನ್ನೊಳಗೆ ಹೊಯ್ದಳು. ಆಮೇಲೆ ಉಸ್ಸೆಂದು ಎತ್ತಿಕೊಂಡು ಶೇಠರ ಮುಂದೆ ನಡೆದಳು.

"ನಾಕ್ ರಾಜ್ಯ ರೀ, ಶೇಠಜಿ. ಕೈ ಸೋತ್ವು ನೋಡ್ರಿ."

ಹೀಗೆ ಚಳಿಗಾಲ ಕಳೆಯಿತು. ಮುನವಳ್ಳಿಯವರು ಒಳಗೆ ಒಬ್ಬರೇ, ಅವಳು ಹೊರಗೆ ಒಬ್ಬಳೇ. ಒಂದೇ ಗುಟ್ಟನ್ನು ಇಬ್ಬರೂ ಬೇರೆ ಬೇರೆಯಾಗಿ ಹೊತ್ತಿದ್ದರು.

ಒಂದು ಸಂಜೆ ಅವರು ಮರೆತ ಕೊಡೆಗಾಗಿ ಹಿಂದಿರುಗಿ ಬಂದರು. ಬಿಬಿಜಾನಳ ಕೈಯಲ್ಲಿ ಚೊಂಬು, ಚೊಂಬಿನಿಂದ ನನಗೆ ಚಹಾದ ಧಾರೆ.

"ಎಂದಿಂದ, ತಂಗಿ?"

ಅವಳು ತಲೆ ತಗ್ಗಿಸಿ ಸೆರಗು ಸರಿ ಮಾಡಿಕೊಂಡಳು. "ಜ್ವರ ಬಿಟ್ಟ್ ಬಂದ್ರಲ್ರೀ ಅಣ್ಣಾರ, ಅಂದಿಂದ."

"ಶೇಠಜಿಗೆ ತಿಳಿದ್ರ ನಿನ್ನ ಕೆಲ್ಸಾನೂ ಹೋಗ್ತಿತ್ತಲ್ಲ."

"ನಿಮ್ದು ಹೋಗೂದು ನೋಡಾಕ ಆಗ್ತಿದ್ದಿಲ್ರೀ."

ಮುನವಳ್ಳಿಯವರು ಬಗ್ಗಿ ನನ್ನನ್ನು ತಾವೇ ಎತ್ತಿದರು. ಒಳಗಿದ್ದುದನ್ನು ಬಕೆಟ್ಟಿಗೆ ತಿರುಗಿ ಸುರಿದರು. ಖಾಲಿಯಾದ ನನ್ನನ್ನು ಶೇಠರ ಗಾದಿಯ ಮುಂದೆ ತಂದಿಟ್ಟರು.

"ಶೇಠಜಿ, ನನ್ನ ನಾಲಿಗಿ ಹೋಗೇತಿ. ಜ್ವರದಾಗ ಹೋತು. ಇಷ್ಟು ದಿನ ಕಣ್ಣೀಲೇ ನೋಡಿ ಹೇಳೇನಿ. ಈಕಿದು ಏನೂ ತಪ್ಪಿಲ್ಲ."

ಶೇಠರು ನನ್ನನ್ನು ನೋಡಿದರು, ಅವರನ್ನು ನೋಡಿದರು. "ಯಾಕ ಹೇಳಲಿಲ್ರೀ, ಮುನವಳ್ಳಿಯವರ?"

"ಹೇಳಿದ ಮ್ಯಾಲ ನಾ ಯಾರಾಗಿ ಮನಿಗಿ ಹೋಗ್ಲಿ ಅಂತ ತಿಳೀಲಿಲ್ರೀ."

"ಬ್ಯಾರೆಯವರು ಸಿಗೂತನಕ ಹಿಂಗ ನಡಸ್ರಿ. ನಿಮ್ಮ ಅಂದಾಜು ಮಂದಿ ರುಚಿಗಿಂತ ಚಲೋ ಇರ್ತೈತಿ."

"ಬ್ಯಾಡ್ರಿ. ಗದಗಿನ ಮಂದಿ ಮುಂಜಾನೆ ಎದ್ದು ಕುಡಿಯೂದು ಚಾ. ನನ್ನ ಅಂದಾಜಲ್ಲ."

ಶೇಠರು ಮತ್ತೇನೂ ಒತ್ತಾಯಿಸಲಿಲ್ಲ. ಗಾದಿಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಬಿಬಿಜಾನ್ ಒಳಗೆ ಹೋಗಿ ಹಮಾಲರಿಗೆ ಮಾಡುವಂಥ ಚಹಾ ಮಾಡಿದಳು. ಹಾಲು, ಸಕ್ಕರೆ, ಜಜ್ಜಿದ ಶುಂಠಿ, ಯಾವ ಸೀಮೆಯದೆಂದು ಯಾರೂ ಕೇಳದ ಪುಡಿ. ಮುನವಳ್ಳಿಯವರು ಲೋಟ ಹಿಡಿದು ಸದ್ದಿಲ್ಲದೆ ಕುಡಿದರು.

"ಸಕ್ಕರಿ ತಿಳೀತೈತಿ, ತಂಗಿ. ಚಾ ತಿಳೀವಲ್ದು."

"ಇರ್ಲಿ ಬಿಡ್ರಿ, ಅಣ್ಣಾರ. ಬಿಸಿ ಐತಿಲ್ಲ?"

"ಬಿಸಿ ಐತಿ," ಎಂದರು ಅವರು. ಇನ್ನೊಂದು ಗುಟುಕು ಕುಡಿದು, ಮತ್ತೆ, "ಹೌದು, ಬಿಸಿ ಐತಿ," ಎಂದರು.

ನಾನು ಅವರ ಕಾಲ ಬಳಿಯೇ ಇದ್ದೆ. ನನಗೆ ಒಂದು ಹನಿಯೂ ಬೀಳಲಿಲ್ಲ.

ಯುಗಾದಿಯ ಹೊತ್ತಿಗೆ ಕೊಚ್ಚಿಯಿಂದ ರುಚಿ ನೋಡುವ ಹೊಸಬರು ಬಂದರು, ಅವರ ಜೊತೆಗೆ ಉಗುಳಲು ನಲ್ಲಿಯಿರುವ ಸ್ಟೀಲಿನ ತೊಟ್ಟಿಯೂ ಬಂತು. ಈಗ ನಾನು ಗೋದಾಮಿನ ಮೂಲೆಯಲ್ಲಿ, ಖಾಲಿ ಚೀಲಗಳ ನಡುವೆ ಇದ್ದೇನೆ. ಮೈ ಹಸಿರುಗಟ್ಟಿದೆ. ಕೆಲಸ ಬಿಡುವವರೆಗೂ ಬಿಬಿಜಾನ್ ಹಬ್ಬಕ್ಕೊಮ್ಮೆ ಬಂದು ನನ್ನನ್ನು ತಿಕ್ಕುತ್ತಿದ್ದಳು. ಆಮೇಲೆ ಯಾರೂ ಬಂದಿಲ್ಲ. ನನ್ನೊಳಗೆ ಬಿದ್ದ ಚಹಾಗಳು ಒಂದೊಂದಾಗಿ ಮರೆತುಹೋಗುತ್ತಿವೆ. ದುವಾರ್ಸಿನದು ಯಾವುದು, ನೀಲಗಿರಿಯದು ಯಾವುದು ಎಂದು ಕೇಳಿದರೆ ನಾನೂ ಈಗ ಅಂದಾಜಿನಲ್ಲೇ ಹೇಳಬೇಕು. ಆ ಸಂಜೆ ನನ್ನೊಳಗೆ ಬೀಳದೇ ಹೋದ ಆ ಲೋಟದ ಚಹಾ ಮಾತ್ರ ನೆನಪಿದೆ.