ಜಗಲಿ ಮೇಲಿನ ಕಾಡಿಗೆ

ಪುಟ್ಟಮಾದಪ್ಪನಿಗೆ ಮನೆಯಿಂದ ಹೊರಬೀಳುವುದೇ ಒಂದು ಪಾಡಾಗಿಹೋಗಿತ್ತು. ಮಾಂಬಳ್ಳಿಯ ಆ ಮನೆಯ ಹೊಸಲು ದಾಟಲು ಬಲಗಾಲು ಎತ್ತಿದನೋ ಇಲ್ಲವೋ, ಕಪ್ಪು ಬೆಕ್ಕೊಂದು ಎಡದಿಂದ ಬಲಕ್ಕೆ ಹಾದುಹೋಗುತ್ತಿತ್ತು. ಎತ್ತಿದ ಕಾಲು ಇಳಿಸಿ, ಜಗಲಿ ಮೇಲೆ ಕೂತು, ಒಂದು ಲೋಟ ನೀರು ಕುಡಿದು, ಅಪಶಕುನ ಕಳೆಯಲೆಂದು ಎಲೆ ಅಡಿಕೆ ಮೆದ್ದು ಮತ್ತೆ ಏಳುತ್ತಿದ್ದ. ಬೆಕ್ಕೂ ಏಳುತ್ತಿತ್ತು. ಈ ಸಲ ಬಲದಿಂದ ಎಡಕ್ಕೆ.

"ನಾನು ಎಲ್ಲಿಗೂ ಓಗ್ಬಾರ್ದು ಅಂತಾನೆ ಕಾಯ್ಕಂಡದೆ ಇದು. ಕಬ್ಬಿನ ಗದ್ದೆಗೆ ನೀರು ಕಟ್ಟೋರ್ಯಾರು? ನಿನ್ ಬೆಕ್ಕಾ?" ಎಂದು ಮೊಮ್ಮಗಳು ಶೃತಿಯ ಮೇಲೆ ರೇಗುತ್ತಿದ್ದ.

ತಪ್ಪು ಬೆಕ್ಕಿನದಲ್ಲ, ತಳಿಯದು ಎಂಬುದು ಶೃತಿಯ ವಾದ. ಇದು ಬಾಂಬೆ ಬೆಕ್ಕು. ತಳಿಯ ಹೆಸರು ಬಾಂಬೆ, ಹುಟ್ಟು ಅಮೆರಿಕ. ಇದು ಮಾತ್ರ ಎರಡನ್ನೂ ನೋಡದೆ ಮೈಸೂರಿನಿಂದ ನೇರ ಮಾಂಬಳ್ಳಿಗೆ ಬಂದದ್ದು. ಅಲ್ಲಿ ಜೊತೆಯಲ್ಲಿ ಓದಿದ ಪ್ರೇಮಾ ಮದುವೆಯಾಗಿ ಹೋಗುವಾಗ ಶೃತಿಯ ಮಡಿಲಿಗೆ ಹಾಕಿದ್ದಳು. ಮೂಗು ಕಪ್ಪು, ಮೀಸೆ ಕಪ್ಪು, ಅಂಗಾಲೂ ಕಪ್ಪು. ಕೂದಲನ್ನು ಬುಡದವರೆಗೆ ಬಿಡಿಸಿದರೂ ಒಂದು ಬಿಳಿ ಎಳೆ ಸಿಕ್ಕುತ್ತಿರಲಿಲ್ಲ. ಎಣ್ಣೆ ಸವರಿದಂತೆ ಮಿರುಗುವ ಆ ಮೈಯೊಳಗೆ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನ ಬಣ್ಣದ ಎರಡು ಕಣ್ಣು. ನೋಡಲು ಪುಟ್ಟದು, ಎತ್ತಿದರೆ ಭಾರ. ಬೆಕ್ಕಿನ ಬಿಗುಮಾನವಂತೂ ಇಲ್ಲವೇ ಇಲ್ಲ. ಮನೆಯವರ ಕಾಲಿಗೆ ತೊಡರಿಕೊಂಡೇ ಓಡಾಡಬೇಕು, ಯಾರು ಕೂತರೂ ತೊಡೆ ಏರಬೇಕು, ಒಂಟಿಯಾಗಿ ಬಿಟ್ಟರೆ ಬೀದಿಗೆಲ್ಲ ಕೇಳುವಂತೆ ದೂರು ಹೇಳಬೇಕು.

"ಏನಂತ ಕೂಗ್ತೀಯೆ ಇದ್ನ?" ಎಂದು ತಾತ ಒಂದು ದಿನ ಕೇಳಿದ.

"ಕಾಡಿಗೆ."

"ಒಳ್ಳೇದಾಯ್ತು. ಸ್ವಾಮಾರ ಅಲ್ಲಿಗೇ ಕಳುಸ್ಬುಡ್ತೀನಿ. ಯಳಂದೂರಲ್ಲಿ ಬೆಟ್ಟದ ಬಸ್ಸು ಸಿಕ್ತದೆ."

ಕೆನ್ನೆಯಲ್ಲಿ ಹೊಗೆಸೊಪ್ಪು ಇಟ್ಟವಳಂತೆ ಬಾಯಿ ಓರೆ ಮಾಡಿ ಶೃತಿ, "ಒಳ್ಳೇದಾಯ್ತೂ... ಕಳುಸ್ಬುಡ್ತೀನೀ..." ಎಂದು ಅದೇ ದನಿ ಎತ್ತಿದಳು. ಯಾವ ತಾತನ ಕಡೆ ಹೋಗಬೇಕೆಂದು ತಿಳಿಯದೆ ಕಾಡಿಗೆ ಇಬ್ಬರನ್ನೂ ನೋಡಿತು. ತಾತ ನಗು ಬಾರದಂತೆ ಟವೆಲಿನಿಂದ ಬಾಯಿ ಒರೆಸಿಕೊಂಡ. ಆದರೆ ಬೆಕ್ಕನ್ನು ಸಾಗಹಾಕಲು ಇಟ್ಟ ಸೋಮವಾರದ ಗಡುವು ಮಾತ್ರ ಬದಲಾಗಲಿಲ್ಲ. ಅಡ್ಡ ಬಂದರೆ ತಾನೆ ರಗಳೆ, ಬಾರದ ಹಾಗೆ ಮಾಡಿದರಾಯಿತು ಎಂದು ಶೃತಿ ಹಟ ಹಿಡಿದಳು.

ಶನಿವಾರ ಬೆಳಗ್ಗೆ ತಾತ ಹೊರಡುವ ಮೊದಲೇ ಬೆಕ್ಕನ್ನು ಕೋಣೆಯೊಳಗೆ ಬಿಟ್ಟು ಚಿಲಕ ಹಾಕಿದಳು. ಒಳಗಿಂದ ಅದು ಕೂಗಾಡತೊಡಗಿತು. ತಾತ ಹೊಸಲು ದಾಟಿದ. ಅಂಗಳ ದಾಟಿದ. ಬೇಲಿಯವರೆಗೆ ಹೋಗಿ ತಿರುಗಿ ಬಂದ.

"ಎಲ್ಲದು?"

"ಕೂಡಾಕಿವ್ನಿ. ನೀನೋಗು ತಾತ."

"ಅದ್ಯಾಕೋ ಸರಿಗಿಲ್ಲ ಕಣವ್ವ. ನಾನು ಕೂತಾಗ ತೊಡೆ ಮೇಲೆ ಬಿದ್ಕತದಲ್ಲ, ನಿದ್ದೆ ಒಳಗೂ ಬೆಟ್ಟ ಅತ್ತಿ ಬಂದಂಗೆ ಏದುಸಿರು. ಕೂಗಾಡೋದು ಈಗ ಯಾಕ್ ನಿಂತೋಯ್ತು?"

ಶೃತಿ ಬಾಗಿಲು ತೆಗೆದಳು. ಕಾಡಿಗೆ ನೆಲಕ್ಕೆ ಹೊಟ್ಟೆ ಒತ್ತಿಕೊಂಡು ನಾಯಿಯ ಹಾಗೆ ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಪ್ರೇಮಾ ಹೇಳಿದ್ದ ಮಾತು ಅವಳಿಗೆ ನೆನಪಾಯಿತು: ಈ ತಳಿಯಲ್ಲಿ ಕೆಲವಕ್ಕೆ ಹೃದಯದ ಸ್ನಾಯು ದಪ್ಪವಾಗುತ್ತದೆ, ಬಾಯಿ ತೆರೆದು ಉಸಿರಾಡಿದರೆ ಕಾಯಬೇಡ.

ಬುಟ್ಟಿಯಲ್ಲಿ ಮಲಗಿಸಿಕೊಂಡು ರಸ್ತೆಗೆ ಓಡಿದಳು. ಹಿಂದೆಯೇ ತಾತ.

ಕೊಳ್ಳೇಗಾಲದ ಬಸ್ಸು ನಿಂತಿತು. ಬುಟ್ಟಿಯೊಳಗೆ ಇಣುಕಿದ ಕಂಡಕ್ಟರು, "ಕರೀ ಬೆಕ್ಕಾ? ಇಳೀರಿ, ಇಳೀರಿ. ಡ್ರೈವರಣ್ಣ ಗಾಡಿನೇ ತಗಿಯಕಿಲ್ಲ" ಎಂದ. ಡ್ರೈವರು ಆಗಲೇ ಸ್ಟೀರಿಂಗಿನಿಂದ ಕೈ ತೆಗೆದು ಕೂತಿದ್ದ.

"ನಾನಂತೂ ಇಳಿಯಲ್ಲ," ಎಂದಳು ಶೃತಿ.

ತಾತ ಕಂಬಿ ಹಿಡಿದು ಮುಂದೆ ಬಂದ. "ಏನ್ಲಾ, ಬೆಕ್ಕು ಅಡ್ಡ ಓದ್ರೆ ತಾನೆ ಕೆಡುಕು?"

"ಊಂ."

"ಇದೆಲ್ಲಿ ಅಡ್ಡ ಓಯ್ತದೆ? ನೀನು ಓಗೋ ಕಡೀಕೇ ಇದೂ ಒಂಟದೆ. ಇಲ್ಲೇ ಇಳಿಸ್ದೆ ಅಂದ್ರೆ, ನೋಡು, ನಿನ್ ಗಾಡಿ ಮುಂದ್ಕೇ ಬುಡ್ತೀನಿ. ಆಗ ಅಡ್ಡ."

ಡ್ರೈವರು ಬುಟ್ಟಿಯನ್ನೂ ತಾತನನ್ನೂ ನೋಡಿ ಗೇರು ಹಾಕಿದ.

ಪಶು ಆಸ್ಪತ್ರೆಯ ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಇಂಜೆಕ್ಷನ್ ಕೊಟ್ಟು, ಬೆಕ್ಕಿನ ಬಾಯಿ ಮುಚ್ಚುವವರೆಗೆ ಪಕ್ಕದಲ್ಲೇ ನಿಂತರು. "ಮೈಸೂರಲ್ಲಿ ಸ್ಕ್ಯಾನ್ ಮಾಡಿಸಿ. ಹೃದಯದ ತೊಂದರೆಯೇ ಆಗಿದ್ದರೆ ಪೂರ್ತಿ ಗುಣವಾಗುವುದಿಲ್ಲ, ಮಾತ್ರೆಯಲ್ಲಿ ಕಾಪಾಡಿಕೊಳ್ಳಬೇಕು. ಓಡಿಸಬೇಡಿ, ಕೂಡಿಹಾಕಿ ಗಾಬರಿ ಮಾಡಬೇಡಿ. ಮಲಗಿದಾಗ ಉಸಿರು ಜೋರಾಗುತ್ತದಾ ಅಂತ ದಿನಾ ಯಾರಾದರೂ ಗಮನಿಸಬೇಕು."

ಕೂಡಿಹಾಕಿದವಳು ತಲೆ ತಗ್ಗಿಸಿದಳು.

"ನಾನಿಲ್ವಾ ಸಾ, ನೋಡ್ಕತೀನಿ," ಎಂದ ತಾತ. "ನಂದು ಕೂರೋ ಕೆಲ್ಸನೇಯ."

ಭಾನುವಾರ ಮೈಸೂರಿನ ಸ್ಕ್ಯಾನು ಅದನ್ನೇ ಹೇಳಿತು. ಮಾತ್ರೆ ಶುರುವಾಯಿತು.

ಸೋಮವಾರ ಬೆಳಗ್ಗೆ ತಾತ ಬಲಗಾಲು ಎತ್ತಿ ಎಡಕ್ಕೆ ನೋಡಿದ. ಬೆಕ್ಕಿಲ್ಲ. ಮೂಲೆಯ ಗೋಣಿಚೀಲದ ಮೇಲೆ ಮಲಗಿತ್ತು. ತಾತ ಕಾಲು ಇಳಿಸಿ ಜಗಲಿ ಮೇಲೆ ಕೂತುಬಿಟ್ಟ.

"ಯಾಕ್ ತಾತ? ಅಡ್ಡ ಬರ್ನೇ ಇಲ್ವಲ್ಲ."

"ಬತ್ತದೆ. ಬರೋಗಂಟ ಕಾಯ್ತೀನಿ."

ನೀರಿನ ಲೋಟ ಖಾಲಿಯಾಯಿತು. ಎಲೆ ಅಡಿಕೆಯೂ ಮುಗಿಯಿತು. ತಾತ ಕದಲಲಿಲ್ಲ. ಕೊನೆಗೆ ಕಾಡಿಗೆ ಎದ್ದು, ಮೈ ಮುರಿದು, ನಿಧಾನವಾಗಿ ಹೊಸಲಿನುದ್ದಕ್ಕೂ ನಡೆದುಬಂದು ಅವನ ತೊಡೆ ಏರಿತು. ತಾತ ಅದರ ಪಕ್ಕೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಉಸಿರು ನೋಡಿದ.

"ಅಡ್ಡ ಬಂದಾಯ್ತು," ಎಂದ. "ಇನ್ನು ನಾನೆಲ್ಲಿ ಓಗದು? ಗುದ್ದಲಿ ತಕಂಡು ನೀನೇ ಓಗಿ ನೀರು ಕಟ್ಬುಟ್ಟು ಬಾ ಕಣವ್ವ."